ಖಾಲಿ ಸೀಟಿಗೆ ಬೆಲ್ಟು

ಅಣ್ಣತಮ್ಮಂದಿರು ಹೊಟ್ಟೆಕಿಚ್ಚು ಪಡಬೇಕಾದರೆ ನಡುವೆ ಎರಡು ಎಕರೆ ಜಮೀನಾದರೂ ಇರಬೇಕು. ಷಡ್ಡಕರಿಗೆ ಅಷ್ಟೆಲ್ಲ ಬೇಡ, ಮಾವನ ಮನೆಯ ಜಗಲಿಯಲ್ಲಿ ಒಂದು ಕುರ್ಚಿ ಸಾಕು. ಚನ್ನಪಟ್ಟಣದ ದೇವರಾಜನಿಗೆ ಬೈರಾಪಟ್ಟಣದ ಮಾವನ ಮನೆಯಲ್ಲಿ ಅಂಥ ಕುರ್ಚಿಯೊಂದು ಎಂಟು ವರ್ಷ ಇತ್ತು. ಹಿರಿಯಳಿಯ ಎಂದು ಮೊದಲ ಎಲೆ ಅವನಿಗೆ, ಮೊದಲ ಮುದ್ದೆ ಅವನಿಗೆ, ಕೋಳಿ ಕೊಯ್ದರೆ ಲಿವರು ಅವನಿಗೆ. ಆಮೇಲೆ ಹೆಂಡತಿ ಸುಚಿತ್ರಾಳ ತಂಗಿ ಸುಮನಾಳಿಗೆ ಮದುವೆಯಾಯಿತು. ರಾಮನಗರದ ಅಶೋಕ್ ಕಿರಿಯಳಿಯನಾಗಿ ಬಂದ, ಲಿವರು ಎರಡು ಪಾಲಾಯಿತು. ಕೋಳಿಗೆ ಒಂದೇ ಲಿವರು ಇಟ್ಟ ಆ ಭಗವಂತನ ಮೇಲೆ ದೇವರಾಜನಿಗೆ ಹನ್ನೊಂದು ವರ್ಷದಿಂದ ಒಂದು ಅಸಮಾಧಾನವಿದೆ.

ಲಿವರಿನ ಮಟ್ಟಿಗೆ ಹೇಗೋ ಸಹಿಸಿಕೊಂಡಿದ್ದ. ಸಹಿಸಲಾಗದೆ ಹೋದದ್ದು ಕಾರು. ಸೈಟು ವ್ಯಾಪಾರದಲ್ಲಿ ಕೈ ಹತ್ತಿದ ಅಶೋಕ್ ಹೋದ ವರ್ಷ ಬಿಳಿ ಬಣ್ಣದ ಹೊಸ ಕಾರು ತಂದು, ಅತ್ತೆ ದೊಡ್ಡಲಕ್ಷ್ಮಮ್ಮನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ. ಅತ್ತೆ ಬೆಲ್ಟು ಹಾಕಿರಲಿಲ್ಲ. ಕಾರು ಟಿಣ್ ಟಿಣ್ ಎಂದು ಕೂಗಿಕೊಂಡಿತು, ಹಾಕುವವರೆಗೂ ಬಾಯಿ ಮುಚ್ಚಲಿಲ್ಲ. ಎಪ್ಪತ್ತು ವರ್ಷದ ಬಾಳಿನಲ್ಲಿ ಹುಷಾರಾಗಿ ಕೂತುಕೋ ಎಂದು ಅವರನ್ನು ಯಾರೂ ಅಷ್ಟು ಒತ್ತಾಯ ಮಾಡಿರಲಿಲ್ಲವೋ ಏನೋ, ಮರುದಿನ ಹಾಲಿನ ಡೇರಿಯ ಮುಂದೆ ನಿಂತು ಬಂದವರಿಗೆಲ್ಲ ಹೇಳಿದರು.

"ನಮ್ಮ ಚಿಕ್ಕಳಿಯನ ಕಾರು ನಾನು ಪಟ್ಟಿ ಕಟ್ಕಳೋಗಂಟ ಬುಡ್ನೇ ಇಲ್ಲ ಕಣವ್ವ. ಮಗ ಇದ್ದಿದ್ರೂ ಇಷ್ಟು ನೋಡ್ಕತಿರ್ನಿಲ್ಲ."

ಮಾತು ಬೈರಾಪಟ್ಟಣದಿಂದ ಚನ್ನಪಟ್ಟಣಕ್ಕೆ ಬರಲು ಬಸ್ಸಿಗೆ ಕಾಯಲಿಲ್ಲ. ಮಗ ಇದ್ದಿದ್ರೂ ಎಂಬ ಎರಡು ಪದ ದೇವರಾಜನ ಎದೆಯಲ್ಲಿ ಮುಳ್ಳಿನ ಹಾಗೆ ಕೂತವು. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ಮಗನ ಸ್ಥಾನ ತನ್ನದೇ ಎಂದು ಅವನು ತಿಳಿದುಕೊಂಡಿದ್ದ. ಈಗ ಅದು ಟಿಣ್ ಎನ್ನುವ ಒಂದು ಸದ್ದಿಗೆ ಹೋಗಿಬಿಟ್ಟಿತ್ತು.

ಆರು ತಿಂಗಳು ಒದ್ದಾಡಿ ಅವನೂ ಒಂದು ಸೆಕೆಂಡ್‌ಹ್ಯಾಂಡ್ ಕಾರು ತೆಗೆದುಕೊಂಡ. ಮಾರುವವನು ಇಂಜಿನ್ನು, ಟೈರು, ಮೈಲೇಜು ಎಂದು ವರ್ಣಿಸುತ್ತಲೇ ಇದ್ದ. ದೇವರಾಜ ಕೇಳಿದ್ದು ಒಂದೇ ಪ್ರಶ್ನೆ.

"ಮುಂದಿನ ಸೀಟಲ್ಲಿ ಕೂತೋರು ಬೆಲ್ಟ್ ಹಾಕ್ದಿದ್ರೆ ಕೂಗ್ತದಾ?"

"ಕೂಗ್ತದೆ ಸಾರ್."

"ಜೋರಾಗಿ?"

"ಪಕ್ಕದ ಗಾಡಿಯೋರು ತಿರುಗಿ ನೋಡ್ಬೇಕು, ಹಂಗೆ."

ವ್ಯಾಪಾರ ಅಲ್ಲಿಗೆ ಕುದುರಿತು. ಕಾರು ನೋಡಲು ಅಶೋಕ್ ಬಂದ. ಸುತ್ತ ಎರಡು ಸಲ ತಿರುಗಿದ, ಎಡಗಡೆ ಬಾಗಿಲು ತೆಗೆದು ಮುಂದಿನ ಸೀಟನ್ನು ಅಂಗೈಯಿಂದ ತಟ್ಟಿದ.

"ಚೆನ್ನಾಗೈತೆ ಬುಡಿ ಅಣ್ಣ. ಈ ಮಾಡಲ್ ಈಗ ಎಲ್ಲಿ ಸಿಕ್ತದೆ? ಕಂಪನಿಯೋರೇ ನಿಲ್ಸಿ ಆರು ವರ್ಸ ಆಯ್ತು."

ಕಣ್ಣು ಬಿತ್ತು ಎಂದು ದೇವರಾಜ ಆ ಕ್ಷಣವೇ ನಿರ್ಧರಿಸಿದ. ಅವನು ಪಿಯು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್. ಹತ್ತೊಂಬತ್ತು ವರ್ಷದಿಂದ ಮಕ್ಕಳ ಕೈಗೆ ವೋಲ್ಟ್‌ಮೀಟರು ಎಣಿಸಿ ಕೊಟ್ಟು ಎಣಿಸಿ ವಾಪಸ್ ಇಟ್ಟುಕೊಂಡವನು. ಹಾಗಾಗಿ ವಿದ್ಯುತ್ತಿನ ವಿಷಯ ತನಗೆ ಗೊತ್ತೆಂದು ಅವನೂ ನಂಬಿದ್ದ, ಬೀದಿಯವರನ್ನೂ ನಂಬಿಸಿದ್ದ. ಇಂಥ ವಿಜ್ಞಾನದ ಮನುಷ್ಯ ಕಾರಿನ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ನೇತುಹಾಕಿದರೆ ಕಾಲೇಜಿನ ಮಕ್ಕಳು ನಗುತ್ತಾರೆ. ಅದಕ್ಕೇ ಪಕ್ಕದ ಮನೆಯ ಮಾರಮ್ಮನಿಂದ ಕಲ್ಲುಪ್ಪು, ಒಣಮೆಣಸಿನಕಾಯಿ, ನಿಂಬೆಹಣ್ಣು ಸೇರಿಸಿ ಕರಿಬಟ್ಟೆಯಲ್ಲಿ ಒಂದು ಗಂಟು ಕಟ್ಟಿಸಿಕೊಂಡು ಬಂದು, ಅಶೋಕ್ ತಟ್ಟಿದ ಸೀಟಿನ ಕೆಳಗೇ ಗುಟ್ಟಾಗಿ ತುರುಕಿದ.

ಅದು ಮಳೆಗಾಲ. ಮಳೆಗಾಲದಲ್ಲಿ ಕಲ್ಲುಪ್ಪು ಏನು ಮಾಡುತ್ತದೆಂಬುದು ಅಡುಗೆಮನೆಯಲ್ಲಿ ದುಡಿದವರಿಗೆಲ್ಲ ಗೊತ್ತು. ದೇವರಾಜ ಅಡುಗೆಮನೆಗೆ ಹೋಗುತ್ತಿದ್ದುದು ಉಣ್ಣುವುದಕ್ಕೆ ಮಾತ್ರ.

ಎರಡು ತಿಂಗಳು ಕಳೆಯಿತು. ಅತ್ತೆಗೆ ರಾಮನಗರದ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಯುತ್ತಾರೆ, ಗುರುವಾರ ಮನೆಗೆ ಕಳಿಸುತ್ತಾರೆ ಎಂದು ಸುದ್ದಿ ಬಂತು.

"ಈ ಸಲ ಅಮ್ಮನ್ನ ನಾವೇ ಕರ್ಕೊಂಡ್ ಬರೋದು. ಸುಮಿಗೂ ಹೇಳಿದೀನಿ," ಎಂದಳು ಸುಚಿತ್ರಾ.

ದೇವರಾಜನಿಗೆ ಅಂದು ಅನ್ನ ಇಳಿಯಲಿಲ್ಲ, ಖುಷಿಗೆ. ಅತ್ತೆ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಕಾರು ಕೂಗುತ್ತದೆ. ತಾನು ಬಾಗಿ, ತನ್ನ ಕೈಯಾರೆ ಬೆಲ್ಟು ಹಾಕುತ್ತೇನೆ. ಡೇರಿಯ ಮುಂದೆ ಕಾರು ನಿಲ್ಲುತ್ತದೆ. ದೊಡ್ಡಳಿಯನೇ ಮಗ ಎಂದು ಊರಿಗೆ ಊರೇ ಕೇಳಿಸಿಕೊಳ್ಳುತ್ತದೆ. ಇಷ್ಟು ಆದರೆ ಜನ್ಮ ಸಾರ್ಥಕ, ಲಿವರು ಬೇಕಾದರೆ ಪೂರ್ತಿ ಅಶೋಕನೇ ತಿನ್ನಲಿ.

ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೊರಟಾಗ ಕಾರು ಕೂಗತೊಡಗಿತು. ಪಕ್ಕದ ಸೀಟು ಖಾಲಿ. ಆದರೂ ಎದುರಿನ ಡ್ಯಾಶ್‌ಬೋರ್ಡಿನಲ್ಲಿ ಬೆಲ್ಟು ಹಾಕಿದ ಕೆಂಪು ಮನುಷ್ಯ ಮಿಣುಕುತ್ತಿದ್ದಾನೆ, ಟಿಣ್ ಟಿಣ್ ಎಂಬ ಸದ್ದು ನಿಲ್ಲುತ್ತಲೇ ಇಲ್ಲ. ಸರ್ಕಲ್ಲಿನಲ್ಲಿ ಕಾನ್‌ಸ್ಟೇಬಲ್ ಒಬ್ಬರು ಕೈ ಅಡ್ಡ ಹಾಕಿದರು.

"ಯಾರ್ರೀ ಅದು ಬೆಲ್ಟ್ ಹಾಕದೆ ಕೂತಿರೋದು?"

"ನಾನೊಬ್ನೇ ಸಾರ್. ನಾನು ಹಾಕಿದೀನಿ."

ಕಾನ್‌ಸ್ಟೇಬಲ್ ಕಿಟಕಿಯಲ್ಲಿ ತಲೆ ತೂರಿಸಿ ಖಾಲಿ ಸೀಟನ್ನು ನೋಡಿದರು. ಹಿಂದಿನ ಸೀಟನ್ನೂ ನೋಡಿದರು. ಅವರ ಸರ್ವೀಸಿನಲ್ಲಿ ಬೆಲ್ಟ್ ಹಾಕದ ನೂರಾರು ಜನರನ್ನು ಹಿಡಿದಿದ್ದರು, ಅವರೆಲ್ಲ ಕಣ್ಣಿಗೆ ಕಾಣುವಂಥವರು.

"ಗಾಡಿ ಸುಳ್ಳು ಹೇಳಾಕಿಲ್ಲ ಕಣ್ರೀ. ಯಾರಿಗಾದ್ರೂ ಆಗ್ಲಿ, ಹಾಕ್ಬುಡಿ ಒಂದು."

ದೇವರಾಜ ಬಾಗಿ ಖಾಲಿ ಸೀಟಿಗೆ ಬೆಲ್ಟು ಎಳೆದು ಸಿಕ್ಕಿಸಿದ. ಸದ್ದು ನಿಂತಿತು. ಕಾನ್‌ಸ್ಟೇಬಲ್ ಅವನಿಗೊಂದು, ಖಾಲಿ ಸೀಟಿಗೊಂದು ನೋಟ ಕೊಟ್ಟು ದಾರಿ ಬಿಟ್ಟರು.

ಅಂದು ಇಡೀ ದಿನ ದೇವರಾಜ ಕಾರು ಹತ್ತಿದಾಗಲೆಲ್ಲ ಯಾರೂ ಇಲ್ಲದ ಸೀಟಿಗೆ ಬೆಲ್ಟು ತೊಡಿಸಿದ, ಇಳಿಯುವಾಗ ಬಿಚ್ಚಿದ. ಸಂಜೆ ಮನೆಯ ಮುಂದೆ ಹೀಗೆ ಬಿಚ್ಚುತ್ತಿರುವುದನ್ನು ಮಾರಮ್ಮ ಕಣ್ಣಾರೆ ಕಂಡಳು. ದೀಪ ಹಚ್ಚುವಷ್ಟರಲ್ಲಿ ಅದು ಸುಚಿತ್ರಾಳ ಕಿವಿಗೆ ಬಿತ್ತು.

"ನಿನ್ ಗಂಡ ಪಕ್ಕದ ಸೀಟಿಗೆ ಬಗ್ಗಿ ಬಗ್ಗಿ ಪಟ್ಟಿ ಬಿಚ್ತಾವ್ನೆ ಕನವ್ವ. ಇಳ್ದೋರು ಮಾತ್ರ ಯಾರೂ ಕಾಣ್ನಿಲ್ಲ. ಗಾಳಿನೋ ಏನೋ, ಒಸಿ ನೋಡ್ಕೊ."

ಸುಚಿತ್ರಾ ಗಾಳಿಗೆ ಹೆದರುವವಳಲ್ಲ. ಅವಳ ತಲೆ ಬೇರೆ ದಿಕ್ಕಿಗೆ ಓಡಿತು. ಗಂಡನ ಮುಂದೆ ಕಾಫಿ ಲೋಟವನ್ನು ಕುಕ್ಕಿದಳು.

"ಆ ಸೀಟಲ್ಲಿ ಯಾರನ್ನ ಕೂರ್ಸಿದ್ರಿ?"

"ಯಾರೂ ಇಲ್ಲ ಕಣೆ. ಕಾರೇ ಸುಮ್ನೆ ಕೂಗ್ತದೆ."

"ಯಾರೂ ಕೂರದೆ ಕಾರು ಯಾಕೆ ಕೂಗ್ತದೆ? ಅದಕ್ಕೇನು ಹುಚ್ಚಾ?"

ದೇವರಾಜನಿಗೆ ಸುಳ್ಳು ಹೇಳಲು ಬರುತ್ತದೆ, ಸಮಯಕ್ಕೆ ಸರಿಯಾಗಿ ಬರುವುದಿಲ್ಲ. "ಹೋದ ವಾರ ಮಳೆ ಬರ್ತಿತ್ತಲ್ಲ, ಕೆಮಿಸ್ಟ್ರಿ ಶೀಬಾ ಮೇಡಮ್ಮನ್ನ ಬಸ್ ಸ್ಟ್ಯಾಂಡ್ ಗಂಟ ಬಿಟ್ಟೆ ಅಷ್ಟೆ," ಎಂದು ನಿಜವನ್ನೇ ಹೇಳಿಬಿಟ್ಟ.

"ಓಹೋ. ಬೆಲ್ಟು ಅವರೇ ಹಾಕ್ಕೊಂಡ್ರೋ, ನೀವು ಹಾಕಿದ್ರೋ?"

ಅಂದು ಸಾರಿಗೆ ಉಪ್ಪಿರಲಿಲ್ಲ. ಕೇಳುವ ಧೈರ್ಯ ದೇವರಾಜನಿಗೂ ಇರಲಿಲ್ಲ.

ಮಂಗಳವಾರ ಅವನು ಕಾಲೇಜಿಗೆ ರಜೆ ಹಾಕಿ, ಲ್ಯಾಬಿನ ಮಲ್ಟಿಮೀಟರಿನೊಂದಿಗೆ ಕಾರಿನ ಮುಂದೆ ನಿಂತ. ಬೀದಿಯವರು ಸುತ್ತ ನೆರೆದರು. ಬಾನೆಟ್ಟು ಎತ್ತಿ, ಬ್ಯಾಟರಿಗೆ ಎರಡು ಕಡ್ಡಿ ಮುಟ್ಟಿಸಿ, "ಹನ್ನೆರಡೂವರೆ ವೋಲ್ಟು," ಎಂದು ಘೋಷಿಸಿದ. ಜನ ತಲೆದೂಗಿದರು. ಆಮೇಲೆ ಹಾರನ್ನಿಗೆ ಮುಟ್ಟಿಸಿದ, ಅಲ್ಲೂ ಹನ್ನೆರಡೂವರೆ. ಕೊನೆಗೆ ಎಡಗಡೆ ಬಾಗಿಲು ತೆಗೆದು, ಸೀಟಿನ ಕೆಳಗೆ ಕೈ ಹೋದಷ್ಟು ದೂರ, ಕತ್ತಲಲ್ಲಿ ಕೈಗೆ ಸಿಕ್ಕ ವೈರಿಗೆಲ್ಲ ಕಡ್ಡಿ ತಾಗಿಸಿದ. ಗಂಟಿನ ಬಟ್ಟೆ ಒದ್ದೆಯಾಗಿರುವುದು ಕೈಗೆ ತಿಳಿಯಿತು. ಕೆಟ್ಟ ಕಣ್ಣನ್ನೆಲ್ಲ ಹೀರಿಕೊಂಡು ಗಂಟು ಬೆವತಿದೆ ಎಂದು ವಿಜ್ಞಾನದ ಮನುಷ್ಯ ಅರ್ಥ ಮಾಡಿಕೊಂಡ.

ಅದೇ ಹೊತ್ತಿಗೆ ಫೋನು ಬಂತು. ಅಶೋಕ್.

"ಅಣ್ಣ, ಗಾಡಿ ಏನೋ ರಿಪೇರಿಯಂತೆ, ಸುಮನಾ ಹೇಳಿದ್ಲು. ಗುರುವಾರ ನೀವೇನೂ ತಲೆ ಕೆಡಿಸ್ಕಬ್ಯಾಡಿ. ಅತ್ತೆನ ನಾನೇ ಕರ್ಕೊಂಡ್ ಬತ್ತೀನಿ."

"ರಿಪೇರಿನೂ ಇಲ್ಲ ಗಿಪೇರಿನೂ ಇಲ್ಲ. ಸಣ್ಣ ಸರ್ಕ್ಯೂಟು. ನಾನೇ ಬಿಚ್ಚಿ ನಾನೇ ಕಟ್ತೀನಿ."

"ನೀವು ಸೈನ್ಸಿನೋರು ಬುಡಿ ಅಣ್ಣ."

ದೇವರಾಜ ಫೋನು ಇಟ್ಟ. ಎಷ್ಟು ನಯ, ಎಷ್ಟು ಮೃದು, ಎಂಥ ಕಣ್ಣು ಅವನದು. ಒಂದು ಗಂಟು ತಡೆಯುವಂಥದ್ದಲ್ಲ. ನೇರ ಮಾರಮ್ಮನ ಮನೆಗೆ ಹೋಗಿ ಇನ್ನೂ ಎರಡು ಗಂಟು ಕಟ್ಟಿಸಿದ, ಉಪ್ಪು ಸ್ವಲ್ಪ ಜಾಸ್ತಿ ಎಂದು ಕೇಳಿ ಹಾಕಿಸಿಕೊಂಡ. ಜನ ಚದುರಿದ ಮೇಲೆ ಎರಡನ್ನೂ ಮೊದಲಿನ ಗಂಟಿನ ಪಕ್ಕಕ್ಕೆ ಒತ್ತಿ ತುರುಕಿದ. ರಾತ್ರಿಯಿಡೀ ಜಡಿಮಳೆ ಹಿಡಿಯಿತು.

ಬುಧವಾರ ಬೆಳಿಗ್ಗೆ ಖಾಲಿ ಸೀಟಿಗೆ ಬೆಲ್ಟು ಹಾಕಿದರೂ ಕಾರು ಕೂಗಿತು. ಬಿಚ್ಚಿದರೂ ಕೂಗಿತು. ಕೆಂಪು ಮನುಷ್ಯನ ಜೊತೆಗೆ ಈಗ ಎದೆಯ ಮುಂದೆ ದೊಡ್ಡ ಚೆಂಡು ಇಟ್ಟುಕೊಂಡ ಇನ್ನೊಬ್ಬ ಮನುಷ್ಯನೂ ಬಂದು ಕೂತಿದ್ದ. ಅತ್ತೆಯನ್ನು ಈ ಕಾರಿನಲ್ಲಿ ಕೂರಿಸಿದರೆ, ಬೆಲ್ಟು ಹಾಕಿದ ಮೇಲೂ ಬೈರಾಪಟ್ಟಣದವರೆಗೆ ಅದು ಅವರನ್ನು ಬೈದುಕೊಂಡೇ ಹೋಗುತ್ತದೆ. ಗುರುವಾರಕ್ಕೆ ಒಂದೇ ದಿನ ಉಳಿದಿತ್ತು. ದೇವರಾಜ ಹಮ್ಮು ನುಂಗಿಕೊಂಡು ಹಳೆ ಹೆದ್ದಾರಿಯಲ್ಲಿರುವ ಶುಕೂರನ ಆಟೊ ಎಲೆಕ್ಟ್ರಿಕ್ ಅಂಗಡಿಗೆ ಹೊರಟ.

"ನಾನೂ ಬರ್ತೀನಿ. ಅಲ್ಲಿ ಮೆಷಿನ್ ಐತಂತಲ್ಲ, ಯಾರು ಕೂತಿದ್ರು ಅಂತ ಅದೇ ಹೇಳ್ಲಿ," ಎಂದು ಸುಚಿತ್ರಾ ಹಿಂದಿನ ಸೀಟಿನಲ್ಲಿ ಕೂತಳು. ಮುಂದೆ ಕೂರಲು ಒಪ್ಪಲಿಲ್ಲ.

ಶುಕೂರ್ ಮಾತು ಕಡಿಮೆಯ ಮನುಷ್ಯ. ಸ್ಟೇರಿಂಗಿನ ಕೆಳಗೆ ಸ್ಕ್ಯಾನರು ಸಿಕ್ಕಿಸಿ, ಕನ್ನಡಕ ಏರಿಸಿ ಓದಿದ.

"ಮುಂದಿನ ಎಡಗಡೆ ಸೀಟು. ಜನ ಕೂತವ್ರೆ ಅಂತೈತೆ. ಬೆಲ್ಟ್ ಸ್ವಿಚ್ಚಿಂದ ಸಿಗ್ನಲ್ ಇಲ್ಲ."

"ಹೆಸರು ತೋರಿಸ್ತದಾ ಶುಕೂರಣ್ಣ?" ಎಂದಳು ಸುಚಿತ್ರಾ.

"ಹೆಸರು ಬರಲ್ಲಮ್ಮ."

"ಹೆಂಗಸೋ ಗಂಡಸೋ ಅನ್ನೋದು?"

"ತೂಕ ಅಷ್ಟೇ ನೋಡೋದು ಇದು."

ಶೀಬಾ ಮೇಡಮ್ಮನ ತೂಕ ಎಷ್ಟಿರಬಹುದು ಎಂಬ ಲೆಕ್ಕದಲ್ಲಿ ಸುಚಿತ್ರಾ ಮುಳುಗಿದಳು. ದೇವರಾಜ ಮಾತು ಬೇರೆ ಕಡೆ ತಿರುಗಿಸಲು ಜೇಬಿನಿಂದ ಮಲ್ಟಿಮೀಟರ್ ತೆಗೆದ. "ನಾನು ನೆನ್ನೆನೇ ಸೀಟಿನ ಕೆಳಗಿನ ವೈರೆಲ್ಲ ಚೆಕ್ ಮಾಡಿದೀನಿ."

ಶುಕೂರ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಹಳದಿ ವೈರೂ ಮುಟ್ಟಿದ್ರಾ ಸಾರ್?"

"ಕತ್ತಲಲ್ಲಿ ಬಣ್ಣ ಎಲ್ಲಿ ಕಾಣ್ತದೆ?"

"ಹಳದಿ ಅಂದ್ರೆ ಏರ್‌ಬ್ಯಾಗ್ ಸಾರ್, ಆ ಚೆಂಡು ಹಿಡ್ದಿರೋ ಮನುಷ್ಯನ ದೀಪ ಅದ್ರದ್ದೇ. ಅದಕ್ಕೆ ಮೀಟರ್ ಮುಟ್ಸಿದ್ರೆ ಒಂದೊಂದ್ಸಲ ಬ್ಯಾಗ್ ಸಿಡ್ದುಬುಡ್ತದೆ. ನಿಮ್ಮ ತಾಯಿ ಮಾಡಿದ ಪುಣ್ಯ, ಮೂಗು ಇದ್ದ ಜಾಗದಲ್ಲೇ ಐತೆ. ಮೀಟರ್ ಒಳಗೆ ಮಡಗಿ."

ದೇವರಾಜ ಮೂಗು ಮುಟ್ಟಿ ನೋಡಿಕೊಂಡು ಸ್ಟೂಲಿನ ಮೇಲೆ ಕೂತ. ಶುಕೂರ್ ಬ್ಯಾಟರಿಯ ವೈರು ಬಿಚ್ಚಿ, ಕರೆಂಟೆಲ್ಲ ಇಳಿಯಲಿ ಎಂದು ಹತ್ತು ನಿಮಿಷ ಟೀ ಕುಡಿದ. ಆಮೇಲೆ ನಾಲ್ಕು ಬೋಲ್ಟು ಸಡಿಲಿಸಿ ಸೀಟನ್ನು ಹಿಂದಕ್ಕೆ ವಾಲಿಸಿ, ಒಳಗೆ ಕೈ ಹಾಕಿದ. ಮೊದಲನೇ ಗಂಟು ಬಂತು. ಎರಡನೆಯದು ಬಂತು. ಮೂರನೆಯದು ಬರುವಾಗ ನೀರು ಸೋರಿತು. ಮೂರನ್ನೂ ಹಳೆ ಪೇಪರಿನ ಮೇಲೆ ಸಾಲಾಗಿ ಜೋಡಿಸಿ, ಬೆರಳು ಮುಟ್ಟಿಸಿ ಮೂಸಿ ನೋಡಿದ.

"ಉಪ್ಪು," ಎಂದ. "ನೋಡಿ ಸಾರ್, ಬೆಲ್ಟಿನ ಸ್ವಿಚ್ಚು, ಸೀಟಿನ ತೂಕ ನೋಡೋ ಪ್ಯಾಡು, ಎಲ್ಲ ವೈರೂ ಬಂದು ಸೇರೋದು ಈ ಕನೆಕ್ಟರ್‌ಗೆ. ಉಪ್ಪುನೀರು ಕುಡ್ದು ಕುಡ್ದು ಹಸ್ರು ಕಟ್ಟೈತೆ. ಕರೆಂಟ್ ಅಡ್ಡಾದಿಡ್ಡಿ ಹರೀತದೆ, ಕಾರು ಯಾರೋ ಕೂತವ್ರೆ ಅನ್ಕೊತದೆ. ಕೂತಿರೋದು ನಿಮ್ಮ ಉಪ್ಪೇ."

ಸುಚಿತ್ರಾ ಮೂರು ಗಂಟನ್ನೂ ನೋಡಿದಳು, ಗಂಡನನ್ನೂ ನೋಡಿದಳು. ಶೀಬಾ ಮೇಡಮ್ಮನ ತೂಕ ಆ ಕ್ಷಣ ಅವಳ ತಲೆಯಿಂದ ಇಳಿಯಿತು.

"ಯಾರ ಕಣ್ಣಿಗ್ರೀ ಇದು?"

ದೇವರಾಜ ಹೆದ್ದಾರಿಯ ಕಡೆ ನೋಡುತ್ತ ಕೂತ. ಶುಕೂರನೇ ಮಾತಾಡಿದ.

"ಬುಡಿ ಅಮ್ಮ, ನಾಚ್ಕೆ ಯಾಕೆ. ಇದು ನನಗೆ ಎರಡನೇ ಕೇಸು. ಹೋದ ತಿಂಗಳು ನಿಮ್ಮ ಅಶೋಕಣ್ಣನ ಬಿಳಿ ಗಾಡಿಲೂ ಇದೇ ಕಂಪ್ಲೇಂಟು, ಇಂಥದೇ ಗಂಟು. ಅವ್ರದ್ದು ತೆಂಗಿನಕಾಯಿ ಗಾತ್ರ ಇತ್ತು."

ದೇವರಾಜ ಸ್ಟೂಲಿನಿಂದ ಎದ್ದ. "ಅಶೋಕಂದಾ? ಯಾರ ಕಣ್ಣಿಗಂತೆ?"

"ಅದೆಲ್ಲ ನಾವು ಕೇಳಾಕಾಯ್ತದಾ ಸಾರ್. ಕ್ಲೀನ್ ಮಾಡಿ ಕಳಿಸ್ದೆ."

ಕೇಳುವ ಅಗತ್ಯವೇನಿತ್ತು? ಹೋದ ತಿಂಗಳು ಎಂದರೆ ದೇವರಾಜನ ಕಾರು ಬಂದಾದ ಮೇಲೆ. ಹೊಸ ಕಾರಿನ ಅಶೋಕ್, ಸೈಟಿನ ಅಶೋಕ್, ಲಿವರಿನ ಅರ್ಧ ಪಾಲಿನ ಅಶೋಕ್, ತನ್ನ ಕಣ್ಣಿಗೆ ಹೆದರಿ ತೆಂಗಿನಕಾಯಿ ಗಾತ್ರದ ಗಂಟು ಕಟ್ಟಿದ್ದಾನೆ. ಅಂದರೆ ಅವನ ಎದೆಯಲ್ಲೂ ತಾನು ಮುಳ್ಳಾಗಿ ಕೂತಿದ್ದೇನೆ. ಹನ್ನೊಂದು ವರ್ಷದಲ್ಲಿ ದೇವರಾಜನಿಗೆ ಅಷ್ಟು ನೆಮ್ಮದಿ ಯಾವತ್ತೂ ಆಗಿರಲಿಲ್ಲ. ಶುಕೂರ್ ಕನೆಕ್ಟರಿಗೆ ಸ್ಪ್ರೇ ಹೊಡೆದು, ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಸೀಟು ಕಟ್ಟಿ ಸ್ಕ್ಯಾನರಿನಲ್ಲಿ ಹಳೆಯ ತಪ್ಪನ್ನೆಲ್ಲ ಅಳಿಸುವವರೆಗೂ ಅವನು ಅಂಗಡಿಯವರಿಗೆಲ್ಲ ಎರಡೆರಡು ಸಲ ಟೀ ಕೊಡಿಸಿದ. ದಾರಿಯಲ್ಲಿ ಹೆಂಡತಿಗೆ ಎರಡು ಮೊಳ ಮಲ್ಲಿಗೆ ಕೊಂಡ.

ಗುರುವಾರ ಆಸ್ಪತ್ರೆಯ ಗೇಟಿನ ಮುಂದೆ ಎರಡು ಕಾರೂ ನಿಂತವು. ದೊಡ್ಡಲಕ್ಷ್ಮಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಸುಚಿತ್ರಾಳ ಕೈ ಹಿಡಿದು ಬಂದರು. ಮಾತು ಮೊದಲೇ ಆಗಿತ್ತು. ಹಿರಿಯಳಿಯನ ಕಾರಿನ ಮುಂದಿನ ಬಾಗಿಲು ತೆರೆದೇ ಇತ್ತು. ಅತ್ತೆ ಇನ್ನೇನು ಕಾಲೆತ್ತಿ ಇಡಬೇಕು, ದೇವರಾಜ ಅಡ್ಡ ಬಂದ. ಗೆದ್ದವನಿಗೆ ಮಾತ್ರ ಬರುವ ಔದಾರ್ಯ ಅವನ ಮುಖದ ತುಂಬ ಹರಡಿತ್ತು.

"ಅತ್ತೆ, ನೀವು ಅಶೋಕನ ಕಾರಲ್ಲೇ ಕೂತ್ಕಳಿ. ಪಾಪ, ಅವನಿಗೂ ಆಸೆ ಇರ್ತದೆ."

"ಬ್ಯಾಡಣ್ಣ, ನಿಮ್ಮದ್ರಲ್ಲೇ ಬರ್ಲಿ," ಎಂದ ಅಶೋಕ್.

"ಇಲ್ಲ ಕಣಪ್ಪ. ನಿನ್ನ ಮನಸು ನನಗೆ ಗೊತ್ತು."

ಅತ್ತೆ ಅಶೋಕನ ಕಾರು ಹತ್ತಿದರು. ಸುಚಿತ್ರಾ ತನ್ನ ಗಂಡನನ್ನು ಸುಟ್ಟುಬಿಡುವ ಹಾಗೆ ನೋಡಿ, ಮುಂದಿನ ಸೀಟಿನಲ್ಲಿ ಬೆಲ್ಟು ಹಾಕದೆ ಕೂತಳು. ಕಾರು ಕೂಗಿತು. ಅವಳು ಕೆಂಗಲ್ ದಾಟುವವರೆಗೂ ಹಾಕಲಿಲ್ಲ, ಕಾರೂ ಅಲ್ಲಿಯವರೆಗೆ ಸುಮ್ಮನಾಗಲಿಲ್ಲ. ಸುಸ್ಥಿತಿಯ ಕಾರು ಎಂದರೆ ಹೀಗಿರಬೇಕು ಎಂದುಕೊಂಡು ದೇವರಾಜ ಶಿಳ್ಳೆ ಹಾಕುತ್ತ ಓಡಿಸಿದ.

ಬೈರಾಪಟ್ಟಣದ ಡೇರಿಯ ಮುಂದೆ ಜನ ನೋಡಿದರು. ಅತ್ತೆ ಬಿಳಿ ಕಾರಿನಿಂದ ಇಳಿದರು. ದೇವರಾಜನಿಗೆ ಒಂದಿಷ್ಟೂ ಉರಿಯಲಿಲ್ಲ. ಜಗಲಿಯಲ್ಲಿ ಮಾವ ಮುನಿರಾಮಯ್ಯನವರು, ಅತ್ತೆ, ಹೆಣ್ಣುಮಕ್ಕಳು ಎಲ್ಲ ಕೂತ ಮೇಲೆ ಅವನು ಅಶೋಕನ ಹೆಗಲ ಮೇಲೆ ಕೈ ಇಟ್ಟ.

"ಅಲ್ಲಪ್ಪ ಅಶೋಕ, ನನ್ನ ಕಣ್ಣು ಬಿದ್ದೀತು ಅಂತ ಸೀಟಿನ ಕೆಳಗೆ ಉಪ್ಪು ಕಟ್ಟಿದ್ಯಂತಲ್ಲ. ನಂಗೇನು ಬೇಜಾರಿಲ್ಲ. ಮನುಷ್ಯ ಅಂದ್ಮೇಲೆ ಹೊಟ್ಟೆಕಿಚ್ಚು ಇರ್ತದೆ."

ಅಶೋಕ್ ಅರ್ಥವಾಗದೆ ಅವನ ಮುಖ ನೋಡಿದ. "ನಿಮ್ಮ ಕಣ್ಣಾ? ಏನಣ್ಣ ತಮಾಸೆ ಮಾಡ್ತೀರಿ. ನಮ್ಮ ಆಫೀಸಿನ ಎದುರಿಗೆ ಇನ್ನೊಬ್ಬ ಸೈಟ್ ಮಾರೋನು ಬಂದವ್ನೆ, ಅವನ ಕಣ್ಣಿಗೆ ಕಟ್ಟಿದ್ದು ಅದು. ನಿಮಗ್ಯಾಕಣ್ಣ ಉಪ್ಪು? ನೀವು ಹಸ ಇದ್ದಂಗೆ."

ದೇವರಾಜನ ಕೈ ಹೆಗಲಿನಿಂದ ತಾನಾಗಿ ಜಾರಿತು.

"ಊಂ ಕಣಪ್ಪ," ಎಂದರು ಅತ್ತೆ. "ನಮ್ಮ ದೊಡ್ಡಳಿಯ ಯಾರ್ ಮ್ಯಾಲೂ ಕಿಚ್ಚು ಪಟ್ಟೋರಲ್ಲ. ಇವತ್ತು ನೋಡ್ನಿಲ್ವಾ, ಬಾಯಿಗ್ ಬಂದುದ್ನ ತಾವೇ ಬುಟ್ಕೊಟ್ರು. ಅಂಥ ಮನಸು ಯಾರಿಗ್ ಬತ್ತದೆ?"

ಮುನಿರಾಮಯ್ಯನವರು ಹೌದೆಂದರು. ಸುಮನಾ, "ಭಾವಂಗೆ ಅದೆಲ್ಲ ಗೊತ್ತೇ ಆಗಲ್ಲ," ಎಂದಳು. ದೇವರಾಜ ಕೊನೆಯ ಆಸೆಯಿಂದ ಹೆಂಡತಿಯ ಕಡೆ ತಿರುಗಿದ. ಮೂರು ಗಂಟನ್ನೂ ಕಣ್ಣಾರೆ ಕಂಡವಳು ಈ ಜಗಲಿಯಲ್ಲಿ ಅವಳೊಬ್ಬಳೇ. ಸುಚಿತ್ರಾ ಅಮ್ಮನ ಕಣ್ಣಿಗೆ ಹಾಕುವ ಔಷಧಿಯ ಶೀಸೆಯ ಮುಚ್ಚಳ ತೆಗೆಯುತ್ತಿದ್ದಳು.

"ಇವರಾ?" ಎಂದಳು, ತಲೆ ಎತ್ತದೆ. "ಇವರಿಗೆ ಹೊಟ್ಟೆಕಿಚ್ಚು ಪಡೋಕೆ ಎಲ್ಲಿ ಬರ್ತದೆ?"

ಎಲ್ಲರೂ ಅವನನ್ನು ಅಭಿಮಾನದಿಂದ ನೋಡಿದರು. ಹನ್ನೊಂದು ವರ್ಷ, ಹಬ್ಬಹುಣ್ಣಿಮೆಗೂ ಬಿಡದೆ ಪಟ್ಟ ಹೊಟ್ಟೆಕಿಚ್ಚು ಆ ಜಗಲಿಯಲ್ಲಿ ಯಾರ ಲೆಕ್ಕಕ್ಕೂ ಬರಲಿಲ್ಲ. ದೇವರಾಜ ಅಶೋಕನ ಹತ್ತಿರಕ್ಕೆ ಕುರ್ಚಿ ಸರಿಸಿಕೊಂಡು ಮೆಲ್ಲಗೆ ಕೇಳಿದ.

"ಆ ಎದುರು ಆಫೀಸಿನವಂದು ಯಾವ ಕಾರಪ್ಪ?"